ಪಡಸಾಲೆಗೆ ಬಂದ ಯಂತ್ರ

ಐವತ್ತರ ದಶಕದ ಕೊನೆಯಲ್ಲಿ ನಾನು ಪುಣೆಯಲ್ಲಿ ಭಾಷಾವಿಜ್ಞಾನದ ಎಂ.ಎ. ಓದುತ್ತಿದ್ದೆ. ಮುಂದೆ ಲೆಕ್ಕ ಮಾಡುವ ಯಂತ್ರಗಳು ಮನುಷ್ಯರ ಮಾತನ್ನೂ ಬಿಡಿಸಿ ನೋಡುತ್ತವೆ ಎಂದು ಧಾರವಾಡ ಕಡೆಯವರಾದ ನಮ್ಮ ಗುರುಗಳು ಹೇಳುತ್ತಿದ್ದರು. ಅದಕ್ಕಾಗಿ ಆಡುಮಾತನ್ನು, ಯಂತ್ರ ಓದುವಂತೆ ತೂತು ಕೊರೆದ ಕಾರ್ಡುಗಳಿಗೆ ಇಳಿಸುವುದು ನನ್ನ ಪ್ರಬಂಧದ ಕೆಲಸ. ಅಂಥ ಯಂತ್ರವನ್ನು ನಾನು ಕಣ್ಣಿನಿಂದ ಕಂಡಿರಲಿಲ್ಲ, ಆದರೆ ಅದಕ್ಕೆ ಕನ್ನಡ ಕಲಿಸುವವನ ಗತ್ತು ಆಗಲೇ ಬಂದಿತ್ತು. ಮನೆಮಂದಿ ಸಹಜವಾಗಿ ಆಡಿದ ಮಾತು ತರದಿದ್ದರೆ ಪದವಿ ಇಲ್ಲ ಎಂದು ಹೇಳಿ, ಬ್ಯಾಟರಿಯ ಮೇಲೆ ನಡೆಯುವ ಟೇಪ್ ರೆಕಾರ್ಡರ್ ಕೊಟ್ಟು ಗುರುಗಳು ನನ್ನನ್ನು ರಜೆಗೆ ಕಳಿಸಿದರು.

ಅಬ್ಬಿಗೇರಿಯ ನಮ್ಮ ಮನೆಯಲ್ಲಿ ಬೀಗರು, ನೆಂಟರು ಇದ್ದಾಗ ಯಾರೂ ದನಿ ಏರಿಸುವಂತಿಲ್ಲ, ಮಕ್ಕಳನ್ನು ಬೈಯುವಂತಿಲ್ಲ. ಏನು ಕೇಳಿದರೂ ಚಲೋ ಅನ್ನಬೇಕು. ಟೇಪಿನ ಯಂತ್ರವನ್ನು ಪಡಸಾಲೆಯಲ್ಲಿ ಇಟ್ಟದ್ದೇ ತಡ, ಅವ್ವ ಅದರ ಕೆಳಗೆ ಜಮಖಾನೆ ಹಾಸಿದಳು. ಅದರ ಮುಂದೆ ಬಸಿಯಲ್ಲಿ ಚಹಾ ಬಂದು ಕೂತಿತು.

"ಈ ವರ್ಷದ ಬೆಳೆಯ ಕುರಿತು ಸಹಜವಾಗಿ ಮಾತನಾಡಬೇಕು," ಎಂದೆ ನಾನು.

"ಚಲೋ ಐತ್ರಿ," ಎಂದಳು ಅವ್ವ, ನನ್ನನ್ನು ಬಿಟ್ಟು ಯಂತ್ರವನ್ನು ನೋಡುತ್ತ.

ರಜೆ ಮುಗಿಯುವವರೆಗೂ ಇದೇ ನಡೆಯಿತು. ಪದವಿ ಕೈತಪ್ಪಿತೆಂದುಕೊಂಡೇ ಹೊರಟೆ. ರೋಣದಲ್ಲಿ ಬಸ್ಸು ಹತ್ತಿಸಲು ಅವ್ವನೂ ಎತ್ತಿನ ಚಕ್ಕಡಿ ಏರಿದಳು. ಯಂತ್ರಕ್ಕೆ ಕೌದಿ ಸುತ್ತಿದ್ದೆ, ಆದರೆ ನಿಲ್ಲಿಸುವುದನ್ನು ಮರೆತಿದ್ದೆ, ಅಂಥ ತಜ್ಞ ನಾನು. ಊರ ಅಗಸಿ ಬಾಗಿಲು ದಾಟುತ್ತಲೇ, ಕೌದಿಯಲ್ಲಿ ಮರೆಯಾದ ಯಂತ್ರ ಕಾಣದೆ, ಬೀಗರು ಹೋದರೆಂದು ಅವ್ವ ಬಾಯಿ ಬಿಟ್ಟಳು.

ಪುಣೆಯಲ್ಲಿ ಗುರುಗಳ ಮುಂದೆ ಟೇಪು ತಿರುಗಿತು. ಚಲೋ ಐತ್ರಿ, ಮತ್ತೆ ಚಲೋ ಐತ್ರಿ. ನಾನು ಬೆವರುತ್ತ ಕುಳಿತಿದ್ದೆ. ಕೊನೆಗೆ ಗಾಲಿಯ ಸದ್ದಿನ ನಡುವೆ ಅವ್ವನ ದನಿ ಬಂತು.

"ಮಗಾ ಬರ್ತಾನ ಅಂತ ದಾರಿ ಕಾಯ್ದೆ. ಬಂದಾಂವ ಯಾವನೋ ಸಾಹೇಬ. ಒಂದಿನಾರ ಒಲಿ ಮುಂದ ಕುಂತು ಬಿಸಿ ರೊಟ್ಟಿ ಕೇಳಲಿಲ್ಲ. ಆ ಡಬ್ಬಿ ಮುಂದ ಮಾತಾಡು ಮಾತಾಡು ಅಂತಿ. ನಿನ್ನ ಕೂಡ ಮಾತಾಡೂದಿತ್ತಲ್ಲೋ, ಅದನ್ನ ಯಾವಾಗ ಕೇಳ್ತಿ?"

ಅದಕ್ಕೆ ನನ್ನ ಉತ್ತರವೂ ಟೇಪಿನಲ್ಲಿತ್ತು: "ನನ್ನ ಅಧ್ಯಯನದ ಮಹತ್ವವನ್ನು ನೀನು ಅರ್ಥ ಮಾಡಿಕೊಳ್ಳಬೇಕು."

ಗುರುಗಳು ಟೇಪು ನಿಲ್ಲಿಸಿದರು. "ಈ ತಾಯೀದು ಖರೇ ಮಾತು. ಅಷ್ಟೂ ಕಾರ್ಡಿಗೆ ಇಳಸ್ರಿ," ಎಂದರು. ಆಮೇಲೆ ನನ್ನ ಮುಖ ನೋಡದೆ, "ಆ ಇನ್ನೊಬ್ಬರದು ಬಿಟ್ಟುಬಿಡ್ರಿ. ಅವರು ಯಾರೋ ಹೊರಗಿನವರು ಕಾಣ್ತಾರ."

ಅವ್ವನ ಮಾತುಗಳಿಗೆ ಒಂದೊಂದಾಗಿ ತೂತು ಕೊರೆಯುತ್ತ ಹೋದೆ. 'ಯಾವಾಗ ಕೇಳ್ತಿ' ಎಂಬಲ್ಲಿ ಅಳು ತಡೆಯಲಾಗಲಿಲ್ಲ. ಕಾರ್ಡು ತೊಯ್ದು ಕೆಟ್ಟಿತು. ಪದವಿ ಬೇಕಿತ್ತಲ್ಲ, ಮೂಗು ಒರೆಸಿಕೊಂಡು ಇನ್ನೊಂದು ಕೊರೆದೆ.