ಚುಕ್ಕಿ ಸರಿದ ಗುಳಿಗೆ

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಕುಷ್ಟಗಿಯಲ್ಲಿ ಮೋಟಾರು ರಿಪೇರಿಯ ಅಂಗಡಿ ಹಾಕಿದೆ. ಎರಡರಲ್ಲಿ ಯಾವುದರಿಂದ ಮಂದಿಗೆ ಹೆಚ್ಚು ಉಪಯೋಗವಾಯಿತು ಎಂಬುದನ್ನು ನಾನೇ ಹೇಳಿದರೆ ಚೆನ್ನಾಗಿರುವುದಿಲ್ಲ. ಜಿಲ್ಲೆಗೆ ಕಚೇರಿಗಳು ಬಂದವು, ಕಚೇರಿಗಳಿಗೆ ಬೋರ್ಡುಗಳು ಬಂದವು, ಬೋರ್ಡಿನ ಕೆಳಗೆ ಕುರ್ಚಿಗಳೂ ಬಂದವು. ಕುರ್ಚಿಯಲ್ಲಿ ಕೂರಬೇಕಾದವರು ಮಾತ್ರ ಆಗಷ್ಟೇ ಊಟಕ್ಕೆ ಹೋಗಿರುತ್ತಿದ್ದರು. ನನ್ನ ಅಂಗಡಿಯಲ್ಲಿ ಕುರ್ಚಿಯೇ ಇರಲಿಲ್ಲ. ಆರನೆಯ ತರಗತಿ ಮುಗಿಸಿ ಸಾಲಿ ಬಿಟ್ಟವನು ನಾನು. ನೆಲದ ಮೇಲೆ ಗೋಣಿತಟ್ಟು ಹಾಸಿ, ಮೂರು ತಾಲ್ಲೂಕಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ, ಅವಕ್ಕೆ ಎರಡನೆಯ ಜನ್ಮ ಕೊಟ್ಟೆ.

ನನ್ನ ವಿದ್ಯೆಯೆಲ್ಲ ನಂಬರಿನಲ್ಲಿತ್ತು. ಬೇರಿಂಗಿನ ಮೇಲೆ ನಂಬರು ಕೊರೆದಿರುತ್ತದೆ. ಮಾಡಿದ ಕಂಪನಿ ಮುಳುಗಲಿ, ಅದರ ಮಾಲಕ ಸಾಯಲಿ, ಅದೇ ನಂಬರಿನದು ಇನ್ನೊಂದು ಕಂಪನಿಯದು ತಂದು ಕೂರಿಸಿದರೆ ಮೋಟಾರು ತಕರಾರಿಲ್ಲದೆ ತಿರುಗುತ್ತದೆ. ಇದಕ್ಕೆ ನಾವು ಬದಲಿ ಎನ್ನುತ್ತೇವೆ. "ಬದಲಿ ಸಿಗದ ಸಾಮಾನು ಭೂಮಿ ಮ್ಯಾಲ ಇಲ್ಲ" ಎಂದು ಯಲಬುರ್ಗಾದ ಕಡೆಯಿಂದ ಮೋಟಾರು ಹೊತ್ತು ತಂದ ರೈತರಿಗೆಲ್ಲ ಹೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಒಳಗಿನಿಂದ ನನ್ನ ಹೆಂಡತಿ ಕೆಮ್ಮುತ್ತಿದ್ದಳು.

ಅವಳು ರೊಟ್ಟಿ ಬಡಿಯುತ್ತಾಳೆ. ಬರೀ ಮನೆಮಂದಿಗಲ್ಲ, ಖಾನಾವಳಿಗಳಿಗೆ, ಮದುವೆಗಳಿಗೆ, ಊರು ಬಿಟ್ಟು ಹೋಗುವವರ ಬುತ್ತಿಗೆ. ತೆಳ್ಳಗೆ, ಅಂಚು ಒಡೆಯದಂತೆ, ಒಂದರ ಮೇಲೊಂದು ಪೇರಿಸಿಟ್ಟರೆ ಕಡತದ ಕಟ್ಟಿನಂತೆ ನೆಟ್ಟಗೆ ನಿಲ್ಲುವ ರೊಟ್ಟಿ. ನನ್ನ ಅಂಗಡಿಗೆ ದಾರಿ ಕೇಳಿದವರಿಗೆ ಜನ "ರೊಟ್ಟಿಯಕ್ಕನ ಮನಿ ಬಾಜೂಕ" ಎಂದು ತೋರಿಸುತ್ತಿದ್ದರು. ಇದರಲ್ಲಿ ನನಗೆ ಬೇಸರವೇನೂ ಇಲ್ಲ. ಸುಮ್ಮನೆ ಬರೆದೆ.

ಅವಳಿಗೆ ನಲವತ್ತು ತುಂಬುವ ಮೊದಲೇ ಒಬ್ಬ ಡಾಕ್ಟರು ಗರ್ಭಚೀಲ ತೆಗೆಯಬೇಕೆಂದರು. ತೆಗೆಯುವಾಗ ಪಕ್ಕದ ಅಂಡಾಶಯಗಳನ್ನೂ ತೆಗೆದರು. "ಮಕ್ಕಳಾಗ್ಯಾವಲ್ಲ, ಇನ್ನ ಇಟ್ಕೊಂಡು ಏನ್ ಮಾಡ್ತೀರಿ?" ಎಂದರು, ಅಟ್ಟದ ಮೇಲಿನ ಹಳೆ ಡಬ್ಬಿಯ ವಿಚಾರ ಮಾತಾಡಿದ ಹಾಗೆ. ನಾನು ಗಿರಾಕಿಯನ್ನು ಕೇಳದೆ ಒಂದು ವಾಶರ್ ಸಹ ಎಸೆಯುವವನಲ್ಲ. ಆದರೆ ಅವರು ಕಲಿತವರು.

ಮನೆಗೆ ಬಂದ ಮೇಲೆ ಕಾವು ಶುರುವಾಯಿತು. ಎದೆಯಿಂದ ಎದ್ದ ಬಿಸಿ ಕುತ್ತಿಗೆ ಹತ್ತಿ ಮುಖಕ್ಕೆ ಏರುತ್ತಿತ್ತು. ಮುಖ ಕೆಂಪಾಗಿ, ಬೆವರು ಇಳಿದು, ಆಮೇಲೆ ಮೈ ತಣ್ಣಗಾಗಿ ನಡುಗುತ್ತಿತ್ತು. ಅಂಡಾಶಯ ಮಾಡಿಕೊಡುತ್ತಿದ್ದ ಹಾರ್ಮೋನು ಏಕಾಏಕಿ ನಿಂತದ್ದರಿಂದ ಹೀಗೆ ಎಂದು ಅದೇ ಡಾಕ್ಟರು ವಿವರಿಸಿದರು. ತೆಗೆಯುವ ಮೊದಲು ವಿವರಿಸಲು ಅವರಿಗೆ ಪುರಸತ್ತು ಇರಲಿಲ್ಲ. ಹಾರ್ಮೋನಿನ ಗುಳಿಗೆ ಬರೆದುಕೊಟ್ಟರು. ಅದನ್ನು ನುಂಗಿದ ಮೇಲೆ ಕಾವು ಇಳಿಯಿತು, ಅವಳು ಮತ್ತೆ ಒಲೆಯ ಮುಂದೆ ಕೂತಳು. ಕೆಲವು ವರ್ಷ ಗುಳಿಗೆಯೂ ರೊಟ್ಟಿಯೂ ಚೆನ್ನಾಗಿ ನಡೆದವು.

ಒಂದು ಬೇಸಿಗೆಯಲ್ಲಿ ಔಷಧಿ ಅಂಗಡಿಯವನು ಖಾಲಿ ಕೈ ತೋರಿಸಿದ.

"ಬಂದ್ ಆತ್ರಿ ಅಣ್ಣಾರ. ಕಂಪನಿಯವರು ಮಾಡೂದ ಬಿಟ್ಟಾರ."

"ಯಾಕ?"

"ನನಗ ಫೋನ್ ಮಾಡಿ ಹೇಳಿಲ್ರಿ ಅವರು."

ಬರೆದುಕೊಟ್ಟ ಡಾಕ್ಟರನ್ನು ಕೇಳೋಣವೆಂದು ಹೋದರೆ ಅವರ ಬೋರ್ಡಿನ ಜಾಗದಲ್ಲಿ ದೊಡ್ಡದೊಂದು ಹಲ್ಲಿನ ಚಿತ್ರ ನಗುತ್ತಿತ್ತು. ಅವರು ಊರು ಬಿಟ್ಟಿದ್ದರು. ಇನ್ನೊಬ್ಬ ಡಾಕ್ಟರು, "ಹೆಣ್ಮಕ್ಕಳಿಗೆ ಇದೆಲ್ಲ ಸಹಜ, ಸಹಿಸ್ಕೋಬೇಕು" ಎಂದರು. ಅವರ ಕೋಣೆಯಲ್ಲಿ ಏಸಿ ಇತ್ತು.

ಗುಳಿಗೆ ಮುಗಿದು ತಿಂಗಳೊಳಗೆ ಕಾವು ಹಳೆಯ ಬಾಕಿಯನ್ನೂ ಸೇರಿಸಿಕೊಂಡು ವಾಪಸು ಬಂತು. ಕೆಂಡದ ಮುಂದೆ ಕೂತವಳಿಗೆ ಒಳಗೂ ಕೆಂಡ. ಹಿಟ್ಟು ನಾದುತ್ತ ನಾದುತ್ತ ಎದ್ದು ಹೋಗಿ ತಲೆಯ ಮೇಲೆ ಕೊಡ ಸುರಿದುಕೊಂಡು ಬರುವಳು. ನಾನು ಮೋಟಾರಿನವನು, ನನಗೆ ತಿಳಿದ ಮದ್ದು ಮಾಡಿದೆ. ಅಕ್ಕಿ ಗಿರಣಿಯೊಂದರ ಹಳೆಯ ದೊಡ್ಡ ಫ್ಯಾನು ತಂದು, ಹೊಸದಾಗಿ ವೈಂಡಿಂಗ್ ಮಾಡಿ, ಒಲೆಯ ಎದುರಿಗೆ ನಿಲ್ಲಿಸಿ ಸ್ವಿಚ್ ಒತ್ತಿದೆ. ಒಲೆಯ ಉರಿ ಗೋಡೆಗೆ ಹೋಯಿತು, ಬೂದಿ ರೊಟ್ಟಿ ಬುಟ್ಟಿಗೆ ಹೋಯಿತು, ಜೋಳದ ಹಿಟ್ಟು ಅವಳ ಮುಖಕ್ಕೆ ಹೋಯಿತು.

"ಭಾಳ ಛಲೋ ಐತ್ರಿ" ಎಂದಳು, ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ. "ರೊಟ್ಟಿ ನೀವ ಹಾರಿ ಹಿಡೀರಿ."

ಕೊನೆಗೆ ಓಣಿಯ ಹೆಣ್ಣುಮಗಳೊಬ್ಬಳನ್ನು ಒಲೆಯ ಮುಂದೆ ಕೂರಿಸಿದೆವು. ಒಳ್ಳೆಯವಳೇ, ಆದರೆ ಅವಳ ರೊಟ್ಟಿಯ ಅಂಚು ನಮ್ಮ ತಾಲ್ಲೂಕಿನ ರಸ್ತೆಯ ಹಾಗೆ ಒಡೆಯುತ್ತಿತ್ತು. ನನ್ನ ಹೆಂಡತಿ ಹೊಸ್ತಿಲ ಹೊರಗೆ, ಬಾಗಿಲಿಗೆ ಸರಿಸಿದ ಆ ಫ್ಯಾನಿನ ಮುಂದೆ ಕೂತು, ಪ್ರತಿ ರೊಟ್ಟಿ ಹಂಚಿಗೆ ಬಿದ್ದಾಗಲೂ ಅದರ ಸದ್ದು ಕೇಳಿ, "ದಪ್ಪಾತು" ಎನ್ನುತ್ತಿದ್ದಳು. ಕೂತು ತಿನ್ನುವ ಯೋಗ ಬಂತೆಂದು ಓಣಿಯವರು ಅವಳಿಗೆ ಅಭಿನಂದನೆ ಹೇಳಿದರು. ನನ್ನ ಸೋದರಮಾವ ಕಟ್ಟೆಯ ಮೇಲೆ ಕೂತು ನನಗೆ ಸಲಹೆ ಕೊಟ್ಟ.

"ಗುಳಿಗಿಗೆ ಬದಲಿ ಸಿಗದಿದ್ರ ಹೆಂಡ್ತಿಗೆ ಬದಲಿ ನೋಡೋ ಅಳಿಯಾ."

ಅವಳು ಕೂತಲ್ಲಿಂದ ಏಳಲಿಲ್ಲ. "ನೋಡ್ಲಿ ಬಿಡ್ರಿ ಮಾವಾ. ಬರೂವಾಕಿಗೆ ನಿಮ್ಮ ರೊಟ್ಟಿ ಬಡಿಯೂ ಕರ್ಮ ಐತಿ ಅಂತ ಮೊದಲ ಹೇಳ್ರಿ, ಎಷ್ಟ ಮಂದಿ ನಿಲ್ತಾರ ನೋಡೂಣು."

ಆದರೆ ಮಾವ ಹೋದ ಮೇಲೆ ನನ್ನ ಕಡೆ ನೋಡಿ ಹೇಳಿದಳು: "ನನಗ ಕುಂತ್ ಉಣ್ಣೂದ ಬ್ಯಾಡ. ನನ್ನ ಒಲಿ ಮುಂದ ನಾ ಕುಂದ್ರಬೇಕು. ಅಷ್ಟ ಮಾಡ್ರಿ. ಬದಲಿ ಬದಲಿ ಅಂತ ಊರಿಗೆಲ್ಲ ಹೇಳ್ತೀರಲ್ಲ."

ಅದು ನನ್ನ ಮರ್ಯಾದೆಯ ಮಾತಾಯಿತು. ಖಾಲಿ ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಂಬರು ಇದ್ದೇ ಇತ್ತು: ಸೊನ್ನೆ, ಚುಕ್ಕಿ, ಆರು, ಎರಡು, ಐದು. ನಂಬರು ಸಿಕ್ಕ ಮೇಲೆ ಇನ್ನೇನು ಬೇಕು? ಬೇರಿಂಗು ಖರೀದಿಗೆ ಗಂಗಾವತಿಗೆ ಹೋದವನು ಒಂದು ದೊಡ್ಡ ಔಷಧಿ ಅಂಗಡಿಯ ಗದ್ದಲದಲ್ಲಿ ತಲೆ ತೂರಿಸಿ, ಹಾರ್ಮೋನಿನ ಗುಳಿಗೆ, ಆರು ಎರಡು ಐದು ನಂಬರಿನದು, ಯಾವ ಕಂಪನಿಯದಾದರೂ ನಡೆಯುತ್ತದೆ ಎಂದೆ. ಕೌಂಟರಿನವನು ಹುಡುಕಿ, "ಅರವತ್ತೆರಡೂವರಿ ಐತ್ರಿ. ಇದೂ ಹಾರ್ಮೋನ್ನ" ಎಂದ. ನೋಡಿದೆ. ಆರು, ಎರಡು, ಚುಕ್ಕಿ, ಐದು. ಅಂಕಿಗಳೆಲ್ಲ ಅವೇ ಇದ್ದವು. ಚುಕ್ಕಿ ಮಾತ್ರ ಕೊಂಚ ಸರಿದಿತ್ತು. ಎರಡು ಸಾವಿರ ಮೋಟಾರು ಎಬ್ಬಿಸಿದವನು ಒಂದು ಚುಕ್ಕಿಗೆ ಹೆದರುತ್ತಾನೆಯೇ? ಗೆದ್ದವನ ಹಾಗೆ ಬಸ್ಸು ಹತ್ತಿದೆ.

ನನ್ನ ಹೆಂಡತಿ ಏಳನೆಯ ತರಗತಿ ಪಾಸು. ನನಗಿಂತ ಆ ಒಂದು ತರಗತಿ ಹೆಚ್ಚೆಂಬುದನ್ನು ಮದುವೆಯಾದಂದಿನಿಂದ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ಬರೀ ನೋಡುತ್ತಾಳೆ. ಹಳೆಯ ಪಟ್ಟಿ ಒಂದು ಕೈಯಲ್ಲಿ, ಹೊಸದು ಇನ್ನೊಂದು ಕೈಯಲ್ಲಿ ಹಿಡಿದಳು.

"ಚುಕ್ಕಿ ಯಾಕ ಸರದೈತಿ?"

"ಕಂಪನಿ ಬ್ಯಾರೆ. ಚುಕ್ಕಿ ಸರದ್ರ ಏನಾಗ್ತೈತಿ?"

"ನನ್ನ ಹಣಿ ಮ್ಯಾಗಿನ ಚುಕ್ಕಿ ಸರದ್ರ ನಿಮ್ಮವ್ವ ಓಣಿ ತುಂಬ ಹೇಳಿ ಬರ್ತಿದ್ಲು. ನುಂಗೂ ಗುಳಿಗಿ ಚುಕ್ಕಿ ಸರದ್ರ ಏನೂ ಇಲ್ಲೇನು? ಮೊದಲ ನೀವು ಎರಡ ನುಂಗಿ ತೋರಿಸ್ರಿ."

ನಾನು ನುಂಗಲಿಲ್ಲ. ನನಗೇನೂ ಕಾವು ಇರಲಿಲ್ಲವಲ್ಲ. ಗುಳಿಗೆ ಗೂಡಿನಲ್ಲಿ ಕೂತಿತು.

ಈಗ ನನ್ನ ಅಕ್ಕನ ಸರದಿ. ಹುಲಿಗೆಮ್ಮನ ಹರಕೆ ಮರೆತದ್ದಕ್ಕೇ ಹೀಗಾಗಿದೆ ಎಂದು ಅವಳು ತೀರ್ಪು ಕೊಟ್ಟಳು. ಗರ್ಭಚೀಲ ತೆಗೆದದ್ದು ಡಾಕ್ಟರು, ಗುಳಿಗೆ ನಿಲ್ಲಿಸಿದ್ದು ಕಂಪನಿ, ಸಿಟ್ಟಾದದ್ದು ಮಾತ್ರ ದೇವಿ. ನನ್ನ ಹೆಂಡತಿ ಹೊಳೆಯ ದಂಡೆಯ ಗಾಳಿಯ ಆಸೆಗೆ ಒಪ್ಪಿದಳು. ಒಂದು ಮಂಗಳವಾರ ಮೂವರೂ ಅಮ್ಮನ ಗುಡಿಯಿರುವ ಹುಲಿಗಿಗೆ ಹೋದೆವು.

ಊರಿಗೆ ಊರೇ ಅಲ್ಲಿತ್ತು. ತಗಡಿನ ಕೆಳಗೆ ಪಾಳಿ, ಮುಂದೆ ಬೆನ್ನು, ಹಿಂದೆ ಹೊಟ್ಟೆ. ಅರ್ಧ ದಾರಿಯಲ್ಲಿ ಅವಳಿಗೆ ಕಾವು ಹತ್ತಿತು. ಮುಖ ಕೆಂಪಾಯಿತು, ಬೆವರು ಧಾರೆಯಾಯಿತು. ಸೆರಗು ಸಡಿಲಿಸಿ, ಕುತ್ತಿಗೆಗೆ ಗಾಳಿಯಾಗಲೆಂದು ತುರುಬು ಬಿಚ್ಚಿದಳು. ಹುಲಿಗಿಯಲ್ಲಿ, ಮಂಗಳವಾರ, ದೇವಿಯ ಎದುರಿಗೆ ಹೆಂಗಸೊಬ್ಬಳು ಕೂದಲು ಬಿಚ್ಚಿ ನಡುಗಿದರೆ ಏನರ್ಥ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

"ಅವ್ವ ಬಂದಾಳ" ಎಂದು ಯಾರೋ ಅಂದರು. ಆಯಿತು. ಹಣೆಗೆ ಭಂಡಾರದ ಅರಿಶಿನ ಬಿತ್ತು. ಎರಡು ಕಡೆಯಿಂದ ಬೇವಿನ ಸೊಪ್ಪಿನ ಗಾಳಿ ಬೀಸಿದರು. ಇದೊಂದು ಮಾತ್ರ ನನ್ನ ಫ್ಯಾನಿಗಿಂತ ಚೆನ್ನಾಗಿ ಕೆಲಸ ಮಾಡಿತು.

"ದೂರ ಸರೀರಿ" ಎಂದಳು ನನ್ನ ಹೆಂಡತಿ, ಹಲ್ಲು ಕಚ್ಚಿ. ಮಂದಿ ಭಕ್ತಿಯಿಂದ ಇನ್ನೂ ಹತ್ತಿರ ಬಂದರು. ಅಳವಂಡಿ ಕಡೆಯ ಹೆಣ್ಣುಮಗಳೊಬ್ಬಳು ಕಾಲು ಹಿಡಿದು, "ನಮ್ಮ ಬೋರಿನ್ಯಾಗ ಏನ್ ಬೀಳ್ತೈತವ್ವ, ಹೇಳು" ಎಂದಳು.

"ನೀರು" ಎಂದು ಇವಳು ಏದುಸಿರಿನಲ್ಲಿ ಕೇಳಿದಳು. "ನೀರು, ನೀರು."

"ನೀರು ಅಂದ್ಲವ್ವ" ಎಂದು ಆಕೆ ಕಣ್ಣೊರೆಸಿಕೊಂಡಳು. ಕುಡಿಯುವ ನೀರು ಮಾತ್ರ ಯಾರೂ ತರಲಿಲ್ಲ. ನನ್ನ ಅಕ್ಕ, ಇಪ್ಪತ್ತು ವರ್ಷ ಇವಳ ಸಾರಿನಲ್ಲಿ ಉಪ್ಪು ಹುಡುಕಿದ ನನ್ನ ಅಕ್ಕ, ಉದ್ದಕ್ಕೆ ಅಡ್ಡಬಿದ್ದಳು. ಪಾಳಿ ಇಬ್ಭಾಗವಾಗಿ ನಮಗೆ ದಾರಿ ಬಿಟ್ಟಿತು. ಕಂಪನಿಯವರು ಗುಳಿಗೆ ನಿಲ್ಲಿಸಿದ್ದರಿಂದ ನಮಗಾದ ಲಾಭ ಅದೊಂದೇ: ಕ್ಷಣದಲ್ಲಿ ದರ್ಶನ.

ಹೊರಗೆ ಕಟ್ಟೆಯ ಮೇಲೆ ಕೂರಿಸಿ ನಾನೇ ನೀರು ತಂದೆ. ಆಗ ಕನ್ನಡಕದ ಹೆಂಗಸೊಬ್ಬರು, ಹಿಟ್ನಾಳದಲ್ಲಿ ಸಾಲಿ ಟೀಚರಂತೆ, ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕುತ್ತ ಮೆಲ್ಲಗೆ ಕೇಳಿದರು.

"ತಂಗೀ, ಗರ್ಭಚೀಲ ತೆಗ್ಸೀಯೇನು?"

"ಹೂಂನ್ರಿ ಯಕ್ಕಾ."

"ಗುಳಿಗಿ ಬಂದ್ ಆತು?"

ಇವಳು ತಲೆ ಎತ್ತಿದಳು. "ನಿಮಗ್ಯಾರ ಹೇಳಿದ್ರು? ನಿಮ್ಮ ಮೈಯಾಗೂ ಬರ್ತಾಳೇನ್ರಿ?"

"ದಿನಾ ಬರ್ತಿದ್ಲು, ಗಣಿತದ ಪಾಠದಾಗ. ಹುಡುಗ್ರು ಪಾಟಿ ತಗೊಂಡು ಗಾಳಿ ಹಾಕ್ತಿದ್ವು. ನಾನೂ ಅದ ಗುಳಿಗಿ ನುಂಗಾಕಿ. ಈಗ ಕೊಪ್ಪಳದಾಗ ಒಬ್ಬ ಮೇಡಂ ಅದಾರ, ಬ್ಯಾರೆ ಕೊಟ್ಟಾರ."

ಇಬ್ಬರೂ ನಗತೊಡಗಿದರು. ದೇವಿ ಇಳಿದಳೆಂದು ನನ್ನ ಅಕ್ಕ ಕೈ ಮುಗಿದಳು.

ಮರುವಾರ ಕೊಪ್ಪಳಕ್ಕೆ ಹೋದೆವು. ಆ ಲೇಡಿ ಡಾಕ್ಟರ ಮೇಜಿನ ಮೇಲೆ ನಾನು ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಇಟ್ಟು, ನಂಬರಿನ ವಿದ್ಯೆಯನ್ನು ಅವರಿಗೂ ಒಂದಿಷ್ಟು ತಿಳಿಸಿದೆ. ಪೂರ್ತಿ ಕೇಳಿದರು.

"ನೀವು ಎಷ್ಟನೇ ನಂಬರಿನ ಚಪ್ಪಲಿ ಹಾಕ್ತೀರಿ?"

"ಏಳ್ರಿ."

"ಏಳನೇ ನಂಬರಿನ ಟೋಪಿ ಕೊಟ್ರ ಕಾಲಿಗೆ ಹಾಕ್ತೀರೇನು? ಇದು ಥೈರಾಯ್ಡಿನ ಹಾರ್ಮೋನು. ಈಕೀಗೆ ಥೈರಾಯ್ಡ್ ನೆಟ್ಟಗ ಐತಿ ಅಂದ್ರ, ಇದನ್ನ ನುಂಗಿದ್ರ ಎದಿ ಢವಢವ ಅಂತಿತ್ತು, ಕಾವು ಇನ್ನೂ ಏರ್ತಿತ್ತು."

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ಏಳನೆಯ ತರಗತಿಯವರು ನೋಡುವ ಹಾಗೆ ನೋಡಿದಳು.

ಡಾಕ್ಟರು ಬಿಪಿ ನೋಡಿದರು, ಎದೆ ಪರೀಕ್ಷೆ ಮಾಡಿದರು, ಅವಳ ಮನೆತನದಲ್ಲಿ ಯಾರಿಗೆ ಏನು ರೋಗವಿತ್ತೆಂದು ಕೇಳಿದರು. ಈ ಔಷಧ ಎಲ್ಲರಿಗೂ ಆಗಿಬರುವುದಿಲ್ಲ, ಪ್ರತಿ ವರ್ಷ ಬಂದು ತೋರಿಸಬೇಕು ಎಂದರು. ಆಮೇಲೆ, "ನುಂಗೂದು ಬ್ಯಾಡ, ತೋಳಿಗೆ ಹಚ್ಚೂ ಜೆಲ್ ಕೊಡ್ತೀನಿ. ಪಂಪ್ ಇರ್ತೈತಿ, ಒತ್ತಿದ್ರ ಬೇಕಾದಷ್ಟ ಬರ್ತೈತಿ" ಎಂದರು.

ಪಂಪು ಎಂದ ಕೂಡಲೇ ನನಗೆ ಜೀವ ಬಂತು. ಅದು ಕೆಟ್ಟರೆ ರಿಪೇರಿ ನಾನೇ ಮಾಡಬಲ್ಲೆ ಎಂದೆ. ನಾನು ಅದನ್ನು ಮುಟ್ಟಲೇಬಾರದೆಂದು ಡಾಕ್ಟರು ಹೇಳಿದರು. ಹಚ್ಚಿ, ಆರಲು ಬಿಟ್ಟು, ಕೈಗಳನ್ನು ಸಾಬೂನು ಹಾಕಿ ತೊಳೆದುಕೊಳ್ಳಬೇಕು. ಇಲ್ಲವಾದರೆ ಮುಟ್ಟಿದವರ ಮೈಗೂ ಹತ್ತುತ್ತದೆ.

"ನಾ ರೊಟ್ಟಿ ಬಡಿಯಾಕೀರಿ ಮೇಡಂ" ಎಂದಳು ಇವಳು, ಗಾಬರಿಯಿಂದ.

"ಹಂಗಾದ್ರ ಚಂದಾಗಿ ತೊಳಿಯವ್ವ. ಇದು ಹೆಣ್ಣಿನ ಹಾರ್ಮೋನು, ಇಲ್ಲಂದ್ರ ನಿನ್ನ ಗಿರಾಕಿಗಳ ಮೀಸಿಗೆ ನಾ ಜವಾಬ್ದಾರಿ ಅಲ್ಲ."

ಜೆಲ್ಲು ಹುಬ್ಬಳ್ಳಿಯಿಂದ ಬರಬೇಕಿತ್ತು, ಬಂತು. ಹಚ್ಚಿದ ಮರುದಿನವೇ ಕಡಿಮೆಯಾಯಿತೇ ಎಂದು ಕೇಳಿದೆ. "ನಾ ಮೋಟಾರಲ್ರಿ, ಸ್ವಿಚ್ ಹಾಕಿದ ಕೂಡ್ಲೇ ತಿರಗಾಕ" ಎಂದಳು. ನಿಧಾನಕ್ಕೆ, ವಾರಗಳು ಕಳೆದಂತೆ, ಕಾವು ಬಂದು ಹೊಸ್ತಿಲಲ್ಲೇ ನಿಂತು ಹೋಗುವ ನೆಂಟರಂತಾಯಿತು. ಒಂದು ಬೆಳಿಗ್ಗೆ ಓಣಿಯ ಹೆಣ್ಣುಮಗಳು ಬಂದಾಗ ಒಲೆಯ ಮುಂದಿನ ಮಣೆ ಖಾಲಿ ಇರಲಿಲ್ಲ.

ಮಳೆಗಾಲದ ಹೊತ್ತಿಗೆ ಅಳವಂಡಿಯ ಆ ಹೆಣ್ಣುಮಗಳು ತೆಂಗಿನಕಾಯಿ ಹಿಡಿದುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದಳು. ಅವರ ಬೋರಿನಲ್ಲಿ ನೀರು ಬಿದ್ದಿತ್ತು. ದೇವಿಯ ವಿಳಾಸವನ್ನು ನನ್ನ ಅಕ್ಕ ಅಂದೇ ಎಲ್ಲರಿಗೂ ಹೇಳಿ ಬಂದಿದ್ದಳು.

"ಇನ್ನೊಮ್ಮಿ ಮೈ ತುಂಬಿ ಬರ್ತಾಳೇನವ್ವ? ಮಗಳ ಲಗ್ನದ ಮಾತ ಕೇಳಬೇಕಿತ್ತು."

ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬರಂಗಿಲ್ಲವ್ವ. ಕೊಪ್ಪಳದ ಮೇಡಂ ಆಕೀಗೆ ಪಂಪ್ ಕುಂದ್ರಿಸ್ಯಾರ. ಲಗ್ನ ಆಗ್ತೈತಿ ತಗೋ. ರೊಟ್ಟಿ ಮಾತ್ರ ನನಗ ಹೇಳಬೇಕು, ಮತ್ತ್ಯಾರಿಗೂ ಹೇಳಬ್ಯಾಡ."

ಆಕೆ ಕಾಯಿ ಇಟ್ಟು, ಬಿಸಿ ರೊಟ್ಟಿ ತಿಂದು, ಬೋರಿಗೆ ಎಂಥ ಮೋಟಾರು ಹಾಕಬೇಕೆಂದು ನನ್ನನ್ನು ಕೇಳಿ ಹೋದಳು. ದೇವಿ ನನ್ನ ಅಂಗಡಿಯನ್ನೂ ಮರೆತಿರಲಿಲ್ಲ. ನಾನು ಈ ಸಂತೋಷದಲ್ಲಿ ನಿಂತಿರುವಾಗ ಒಳಗಿನಿಂದ ಕೂಗು ಬಂತು.

"ಏನ್ರಿ, ಬಾಗಲಾಗಿನ ನಿಮ್ಮ ಫ್ಯಾನ್ ತಗೀರಿ. ಉರಿ ಹಾರ್ತೈತಿ."

ತೆಗೆದೆ. ಅಂಗಡಿಯ ಮುಂದೆ ಇಟ್ಟಿದ್ದೇನೆ. ವೈಂಡಿಂಗ್ ನನ್ನ ಕೈಯದೇ, ಒಂದು ದೋಷವಿಲ್ಲ. ಒಲೆ ಇಲ್ಲದ ಮನೆಯವರು ಯಾರಾದರೂ ಇದ್ದರೆ ಬಂದು ಒಯ್ಯಬಹುದು.