ಓಶಿಮಾದ ಏರಿನಲ್ಲಿ

ಟೋಕಿಯೋ ಪಕ್ಕದ ಗ್ಯೋಟೋಕು ಸ್ಟೇಷನ್ನಿನಲ್ಲಿ ರ‍್ಯಾಪಿಡ್ ರೈಲು ನಿಲ್ಲುವುದಿಲ್ಲ. ಸಿಕ್ಕ ಸಿಕ್ಕಲ್ಲೆಲ್ಲ ನಿಂತು ಹೊರಡುವ ಲೋಕಲ್ ಮಾತ್ರ ನಿಲ್ಲುತ್ತದೆ. ಸಿಂಧೂರಾಳಿಗೆ ಲೋಕಲ್ ಎಂಬ ಹೆಸರು ಅಂಟಿಕೊಂಡದ್ದು ಅಲ್ಲಿಂದಲೇ. ಅಂಟಿಸಿದವನು ಬೇರೆ ಯಾರೂ ಅಲ್ಲ, ಅವಳ ಗಂಡ ಪ್ರವೀಣ.

ಭಾನುವಾರ ಬೆಳಿಗ್ಗೆ ಎದೊಗಾವಾ ನದಿಯ ದಂಡೆಯ ಮೇಲೆ ಸೈಕಲ್ ಹೊಡೆಯುವ ಕನ್ನಡದವರ ಗುಂಪಿಗೆ ಪ್ರವೀಣನೇ ಮುಂದಾಳು. ಎಲ್ಲರೂ ಸೇತುವೆ ತಲುಪಿ, ಕೊಂಬಿನಿ ಅಂಗಡಿಯಲ್ಲಿ ಕಾಫಿ ಕುಡಿದು ಲೋಟ ಕಸಕ್ಕೆ ಹಾಕುವ ಹೊತ್ತಿಗೆ ಸಿಂಧೂರಾ ಬೆವರಿಳಿಸಿಕೊಂಡು ಬರುತ್ತಿದ್ದಳು. "ಬಂತಪ್ಪಾ ನಮ್ಮ ಲೋಕಲ್ಲು!" ಎಂದು ಅವನು ಕೂಗುವನು. ಎಲ್ಲರೂ ನಗುವರು. ಮಗಳು ದೀಕ್ಷಾ ಕೂಡ ಮನೆಯಲ್ಲಿ, "ಮಮ್ಮಾ, ಓಸೋಯ್!" ಎನ್ನುತ್ತಿದ್ದಳು. ತಡ, ನಿಧಾನ ಎನ್ನುವುದಕ್ಕೆ ಅವಳ ಶಾಲೆಯ ಮಕ್ಕಳ ಮಾತು ಅದು.

ಮಿನಾಟೋದ ಆಫೀಸಿನಲ್ಲಿ ಇದೇ ಸಿಂಧೂರಾ ಬೇರೆಯೇ ಹೆಂಗಸು. ಸಾಫ್ಟ್‌ವೇರಿನಲ್ಲಿ ಬೇರೆಯವರು ಮಾಡಿದ ತಪ್ಪು ಹಿಡಿಯುವುದು ಅವಳ ಕೆಲಸ. ಅವಳು ಸರಿ ಎನ್ನದೆ ಯಾವುದೂ ಗಿರಾಕಿಯ ಕೈಗೆ ಹೋಗುತ್ತಿರಲಿಲ್ಲ. ಜಪಾನಿ ಭಾಷೆಯೂ ಗುಂಪಿನಲ್ಲಿ ಎಲ್ಲರಿಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು. ಆದರೆ ಭಾನುವಾರ ಬಂದರೆ ಅದೊಂದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಪ್ರವೀಣ ಅವರೆಲ್ಲರ ಜೊತೆ ನಗುತ್ತಿರುತ್ತಾನೆ, ತಾನು ಮನೆಯಲ್ಲಿ ಬಟ್ಟೆ ಒಣಗಿಸುತ್ತಿರುತ್ತೇನೆ ಎಂಬ ಯೋಚನೆಯೇ ಅವಳನ್ನು ಮತ್ತೆ ಸೈಕಲ್ ಹತ್ತಿಸುತ್ತಿತ್ತು.

ಚಳಿ ಇನ್ನೂ ಬಿಟ್ಟಿರದ ಒಂದು ಭಾನುವಾರ ಕಾತ್ಯಾಯಿನಿ ಬಂದಳು. ಗಂಡ ಚಂದ್ರಮೌಳಿ ನಗೋಯಾದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯ ಎಂಜಿನಿಯರು. ಟೋಕಿಯೋಗೆ ವರ್ಗವಾಗಿ ಇಚಿಕಾವಾದಲ್ಲಿ ಮನೆ ಮಾಡಿದ್ದ. ಕಾತ್ಯಾಯಿನಿ ದಾವಣಗೆರೆಯ ಕಡೆಯವಳು, ಮೈಕಟ್ಟು ದೊಡ್ಡದು, ನಲವತ್ತು ದಾಟಿದ ಮೇಲೆ ಸೈಕಲ್ ಕಲಿತವಳು. ಇಳಿಯುವಾಗ ಪ್ರತಿ ಸಲವೂ "ಅಯ್ಯಯ್ಯೋ" ಎನ್ನುತ್ತಿದ್ದಳು, ಆಮೇಲೆ ತಾನೇ ನಗುತ್ತಿದ್ದಳು.

ಅವತ್ತು ಕೊನೆಗೆ ಬಂದವಳು ಕಾತ್ಯಾಯಿನಿ. ಸಿಂಧೂರಾ ಮೊದಲ ಸಲ ಬಿಸಿ ಬಿಸಿ ಕಾಫಿ ಕುಡಿದಳು.

"ಎಲ್ರೀ ಕಾತ್ಯಾಯಿನಿ ಅವರು?" ಎಂದು ಯಾರೋ ಕೇಳಿದರು.

"ಗೂಡ್ಸ್ ಗಾಡಿ ಅಲ್ವಾ, ಸಿಗ್ನಲ್ ಸಿಗಬೇಕು," ಎಂದುಬಿಟ್ಟಳು ಸಿಂಧೂರಾ.

ನಗು ಎದ್ದಿತು. ಪ್ರವೀಣನಿಗೆ ಕಾಫಿ ನೆತ್ತಿಗೇರಿತು. ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುತ್ತಿದ್ದ, ಅದುವರೆಗೆ ಅವಳನ್ನು ಕಣ್ಣೆತ್ತಿ ನೋಡದಿದ್ದ ಸ್ಫೂರ್ತಿ, "ಸೂಪರ್ ಅಕ್ಕ!" ಎಂದು ಕೈತಟ್ಟಿದಳು. ಸಿಂಧೂರಾಳಿಗೆ ಮೈಯೆಲ್ಲ ಬೆಚ್ಚಗಾಯಿತು.

ಹೆಸರು ಕಾತ್ಯಾಯಿನಿಯ ಕಿವಿಗೂ ಬಿತ್ತು. "ಗೂಡ್ಸ್ ಆದ್ರೆ ಏನು, ಸಾಮಾನು ತಲುಪಿಸ್ತೀನಲ್ಲ," ಎಂದು ಬುಟ್ಟಿಯಿಂದ ಚಿತ್ರಾನ್ನದ ಡಬ್ಬ ತೆಗೆದಳು. ಎಲ್ಲರೂ ತಿಂದರು. ತಿನ್ನುತ್ತಲೇ ಗೂಡ್ಸ್ ಎಂದು ಕರೆದರು.

ಮೇ ತಿಂಗಳ ರಜೆಗೆ ಪ್ರವೀಣ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ ಎಂದು ವರ್ಷವಿಡೀ ಹೇಳಿಕೊಂಡು ಬಂದಿದ್ದ. ದ್ರಾಕ್ಷಿ ತೋಟ, ಕಲ್ಲಿನ ಮನೆ ಎಂದೆಲ್ಲ ವೀಡಿಯೋ ತೋರಿಸಿದ್ದ. ಯೆನ್ ಬೆಲೆ ಕುಸಿದು ಅದು ನಿಂತುಹೋಯಿತು. ಬದಲಿಗೆ ಶಿಮಾನಾಮಿ ಎಂದಾಯಿತು. ಸಮುದ್ರದ ನಡುವಿನ ದ್ವೀಪದಿಂದ ದ್ವೀಪಕ್ಕೆ ಸೇತುವೆಗಳ ಮೇಲೆ ಸೈಕಲ್ಲಿನಲ್ಲೇ ಇಮಾಬರಿಯವರೆಗೆ ಹೋಗುವ ದಾರಿ ಅದು. ಮಗಳನ್ನು ಊರಿಂದ ಬಂದಿದ್ದ ಅತ್ತೆಯ ಬಳಿ ಬಿಟ್ಟು ಸಿಂಧೂರಾಳೂ ಹೊರಟಳು.

ಮೊದಲ ದಿನ ಸುಖವಾಗಿ ಕಳೆಯಿತು. ಕಿತ್ತಳೆ ತೋಟಗಳು ಹೂ ಬಿಟ್ಟು ದಾರಿಯುದ್ದಕ್ಕೂ ಘಮ ಇತ್ತು. ಎರಡನೆಯ ದಿನ ಓಶಿಮಾ ದ್ವೀಪ. ಅಲ್ಲಿ ನಿಜವಾದ ಏರು. ಬುಡದಲ್ಲಿ ಪ್ರವೀಣ ಹೆಂಡತಿಗೆ ಹೇಳಿದ: "ಸಿಂಧೂ, ನೀನು ಕಾತ್ಯಾಯಿನಿ ಅವರ ಜೊತೆ ಇರು. ಹೇಗಿದ್ರೂ ಇಬ್ಬರದೂ ಒಂದೇ ಸ್ಪೀಡು."

ಆ ಒಂದು ಮಾತು ಸಿಂಧೂರಾಳಿಗೆ ಚುಚ್ಚಿತು. ಇಷ್ಟು ತಿಂಗಳಲ್ಲಿ ಗಳಿಸಿದ್ದೆಲ್ಲ ಒಂದೇ ಏಟಿಗೆ ಕೈಬಿಟ್ಟು ಹೋದ ಹಾಗಾಯಿತು.

ಅರ್ಧ ಏರಿನಲ್ಲಿ ಕಾತ್ಯಾಯಿನಿ ಇಳಿದಳು. ಮುಖ ಕೆಂಡವಾಗಿತ್ತು. "ಮೀನಖಂಡ ಹಿಡ್ಕೊಂಡುಬಿಟ್ಟಿದೆ ಸಿಂಧೂ. ಸ್ವಲ್ಪ ಕೂತ್ಕೋತೀನಿ. ನೀವಿದೀರಲ್ಲ, ನನಗೇನು ಭಯ ಇಲ್ಲ."

ಅಷ್ಟರಲ್ಲಿ ಸಿಂಧೂರಾಳ ಫೋನು ಹೊಡೆದುಕೊಂಡಿತು. "ಎಲ್ಲಿದೀಯ? ಸೇತುವೆ ಹತ್ರ ಇದೀವಿ, ಬೆಳಕು ಚೆನ್ನಾಗಿದೆ, ಗ್ರೂಪ್ ಫೋಟೋ ತೆಗೀತಿದೀವಿ. ಬಂದ್ರೆ ಬಾ, ಇಲ್ಲಾಂದ್ರೆ ನಾವು ತೆಗೆದುಕೋತೀವಿ," ಎಂದ ಪ್ರವೀಣ.

"ರಸ್ತೆ ಮೇಲೆ ನೀಲಿ ಗೆರೆ ಇದೆಯಲ್ಲ, ಅದನ್ನೇ ಹಿಡ್ಕೊಂಡು ಬನ್ನಿ. ನಾನು ಮೇಲೆ ಕಾಯ್ತಿರ್ತೀನಿ," ಎಂದು ಸಿಂಧೂರಾ ಪೆಡಲ್ ತುಳಿದಳು.

ಮೇಲೆ ನಿಂತಳು ಕೂಡ. ತಿರುಗಿ ನೋಡಿದಳು. ಕೆಳಗೆ ತಿರುವಿನಲ್ಲಿ ಕಾತ್ಯಾಯಿನಿ ಸೈಕಲ್ಲಿನ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಇವಳನ್ನು ಕಂಡು ಕೈ ಎತ್ತಿದಳು. ಹೋಗಿ ಎನ್ನುವ ಕೈ ಅಲ್ಲ ಅದು, ಬನ್ನಿ ಎನ್ನುವ ಕೈ. ಸಿಂಧೂರಾಳಿಗೆ ಅದು ಚೆನ್ನಾಗಿಯೇ ತಿಳಿಯಿತು. ಅವಳು ಬ್ರೇಕಿನಿಂದ ಬೆರಳು ತೆಗೆದಳು.

ಇಳಿಜಾರು ಅವಳನ್ನು ಎತ್ತಿಕೊಂಡು ಹೋಯಿತು. ಜನ್ಮದಲ್ಲಿ ಅಷ್ಟು ಜೋರಾಗಿ ಹೋಗಿರಲಿಲ್ಲ. ಸೇತುವೆಯ ಬುಡಕ್ಕೆ ಬಂದಾಗ ಪ್ರವೀಣ ಬಾಯಿ ತೆರೆದು ನೋಡಿದ. "ಏನಿದು, ಇವತ್ತು ಶಿಂಕಾನ್ಸೆನ್ನು, ಬುಲೆಟ್ ರೈಲು!" ಎಂದು ಎಲ್ಲರ ಎದುರಿಗೇ ಹೆಗಲು ಬಳಸಿ ಹತ್ತಿರ ಎಳೆದುಕೊಂಡ. ಫೋಟೋದಲ್ಲಿ ಸಿಂಧೂರಾ ನಡುವೆ ನಿಂತಿದ್ದಾಳೆ. ಅಷ್ಟು ತುಂಬು ನಗುವಿನ ಫೋಟೋ ಅವಳದು ಇನ್ನೊಂದಿಲ್ಲ.

ಆಮೇಲೆ ಕಾದರು. ಕಾತ್ಯಾಯಿನಿ ಬರಲಿಲ್ಲ, ಫೋನೂ ಎತ್ತಲಿಲ್ಲ. ಚಂದ್ರಮೌಳಿ ಐಸ್‌ಕ್ರೀಮ್ ತಿನ್ನುತ್ತ, "ಬರ್ತಾಳೆ ಬಿಡ್ರೀ. ಮನೇಲೂ ಹೀಗೇ, ಎಲ್ಲದಕ್ಕೂ ಲೇಟು," ಎಂದ.

ಬಂದದ್ದು ಒಂದು ಪುಟ್ಟ ಬಿಳಿ ಟ್ರಕ್ಕು. ಹಿಂದೆ ಕಿತ್ತಳೆ ಕ್ರೇಟುಗಳ ನಡುವೆ ಮುರಿದ ಸೈಕಲ್ಲು, ಮುಂದೆ ತೋಟದ ಮುದುಕಿಯ ಪಕ್ಕದಲ್ಲಿ ಕಾತ್ಯಾಯಿನಿ. ಕೈಗೆ ಟವೆಲ್ ಸುತ್ತಿತ್ತು, ಗದ್ದದಿಂದ ರಕ್ತ ಇಳಿದು ಜಾಕೆಟ್ಟಿನ ಮೇಲೆ ಒಣಗಿತ್ತು. ಹಿಂದೆ ಬಿದ್ದೆನಲ್ಲ ಎಂದು ಸೆಳೆತದ ಕಾಲಲ್ಲೇ ಅವಸರಪಟ್ಟು ಬಂದವಳು, ಇಳಿಜಾರಿನ ತಿರುವಿನಲ್ಲಿ ತಡೆಗಂಬಿಗೆ ಹೊಡೆದಿದ್ದಳು.

ಮುದುಕಿ ತನ್ನದೇ ತಪ್ಪು ಎನ್ನುವಂತೆ "ಸುಮಿಮಾಸೆನ್, ಸುಮಿಮಾಸೆನ್" ಎಂದು ಬಾಗುತ್ತಿದ್ದಳು. ಆಮೇಲೆ ನೆಟ್ಟಗೆ ನಿಂತು, ಒಬ್ಬೊಬ್ಬರ ಮುಖ ನೋಡುತ್ತ ಏನನ್ನೋ ಕೇಳಿದಳು. ಅವಳ ಮಾತಿನ ಓಟ ಉಳಿದವರಿಗೆ ಹತ್ತಲಿಲ್ಲ.

"ಏನಂತೆ ಅಕ್ಕ?" ಎಂದಳು ಸ್ಫೂರ್ತಿ.

ಇವರ ಜೊತೆ ಯಾರೂ ಇರಲಿಲ್ಲವೇ, ಒಬ್ಬರನ್ನೇ ಹೇಗೆ ಬಿಟ್ಟಿರಿ ಎಂದು ಮುದುಕಿ ಕೇಳಿದ್ದಳು.

"ಹುಷಾರಾಗಿ ಹೋಗಿ ಅಂತಿದಾರೆ," ಎಂದಳು ಸಿಂಧೂರಾ. ಎಲ್ಲರೂ ಮುದುಕಿಗೆ ಅರಿಗಾತೋ ಎಂದು ತಲೆಬಾಗಿಸಿದರು.

ಚಂದ್ರಮೌಳಿ ಈಗ ಸಿಂಧೂರಾಳತ್ತ ತಿರುಗಿದ. "ನೀವು ಇವಳ ಜೊತೆ ಇದ್ರಲ್ಲ?"

"ಅವರೇ ನೀವು ಹೋಗಿ ಅಂದ್ರು."

ಎಲ್ಲರೂ ಕಾತ್ಯಾಯಿನಿಯನ್ನು ನೋಡಿದರು. ಅವಳು ಕೈಯ ಟವೆಲ್ ಬಿಗಿ ಮಾಡಿಕೊಳ್ಳುತ್ತ, "ಹೌದು, ನಾನೇ ಕಳಿಸಿದೆ," ಎಂದಳು.

"ಬುದ್ಧಿ ಇದೆಯಾ ನಿಂಗೆ? ಎಲ್ಲರ ರಜಾನೂ ಹಾಳು ಮಾಡ್ದೆ," ಎಂದು ಚಂದ್ರಮೌಳಿ ಅಲ್ಲೇ, ಮುದುಕಿಯ ಮುಂದೆಯೇ ಗದರಿದ. ಕಾತ್ಯಾಯಿನಿ ಎಲ್ಲರಿಗೂ ಸಾರಿ ಹೇಳಿದಳು.

ಇಮಾಬರಿಯ ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಸಂಜೆ ಎಲ್ಲರೂ ಊಟಕ್ಕೆ ಹೊರಟಾಗ ಚಂದ್ರಮೌಳಿಯೂ ಅವರ ಜೊತೆ ಹೋದ. ಸಿಂಧೂರಾ ಕಾತ್ಯಾಯಿನಿಯ ಜೊತೆ ಹೋಟೆಲ್ ಕೋಣೆಯಲ್ಲಿ ಉಳಿದಳು. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲಾಗದೆ ಕಾತ್ಯಾಯಿನಿ ಬಾಚಣಿಗೆ ಕೊಟ್ಟಳು.

"ಮೇಲಿಂದ ನನ್ನ ನೋಡಿದ್ರಲ್ಲ ನೀವು," ಎಂದಳು, ಕನ್ನಡಿಯ ಕಡೆ ತಿರುಗದೆ.

"ಇಲ್ಲ ಕಾತ್ಯಾಯಿನಿ. ನಿಜವಾಗ್ಲೂ ಕಾಣಿಸಲಿಲ್ಲ."

"ಆರೆಂಜ್ ಜಾಕೆಟ್ಟು. ಇದೇ ತಗೊಳ್ಳಿ, ಎಷ್ಟು ದೂರದಿಂದಾದ್ರೂ ಕಾಣುತ್ತೆ ಅಂತ ನೀವೇ ಆರಿಸಿಕೊಟ್ಟಿದ್ದು."

ಸಿಂಧೂರಾಳ ಬೆರಳು ಕೂದಲಲ್ಲಿ ನಿಂತವು.

"ಹಾಕಿ, ನಿಲ್ಲಿಸಬೇಡಿ. ನಿಮ್ಮ ಹೆಸರು ಹೇಳಿದ್ರೆ ನಿಮಗೊಂದು ಬೈಗುಳ ಬೀಳ್ತಿತ್ತು, ಅಷ್ಟೆ. ನನಗೆ ಆಮೇಲೆ ಈ ಊರಲ್ಲಿ ಮಾತಾಡ್ಸೋಕೆ ಒಬ್ಬರೂ ಇರ್ತಿರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ. ನಿಮ್ಮ ಮೇಲಿನ ಪ್ರೀತಿಗಲ್ಲ."

ಜಡೆ ಮುಗಿಯಿತು. ಸಿಂಧೂರಾ ಬಾಚಣಿಗೆ ಕೆಳಗಿಟ್ಟಳು.

"ಹೋಗಿ, ಕಾಯ್ತಿರ್ತಾರೆ," ಎಂದಳು ಕಾತ್ಯಾಯಿನಿ. "ಅವರ ಜೊತೆ ಇರೋಕೆ ತಾನೇ ಇಷ್ಟೆಲ್ಲ ಮಾಡಿದ್ದು."

ಸಿಂಧೂರಾ ಹೋದಳು. ಸ್ಫೂರ್ತಿ ಅವಳಿಗೆಂದು ಪಕ್ಕದಲ್ಲಿ ಜಾಗ ಹಿಡಿದಿಟ್ಟಿದ್ದಳು.

ಕಾತ್ಯಾಯಿನಿಯ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ. ರೊಟ್ಟಿ ತಟ್ಟಲು ಆಗುವುದಿಲ್ಲ ಎಂದು ಸುದ್ದಿ ಬಂತು. ಗುಂಪಿನವರು ಒಂದೆರಡು ಸಲ ಹಣ್ಣು ಕಳಿಸಿ ಸುಮ್ಮನಾದರು. ಚಳಿಗಾಲಕ್ಕೆ ಮುಂಚೆ ಚಂದ್ರಮೌಳಿ ಕನಗಾವಾ ಕಡೆ ಬೇರೆ ಕೆಲಸ ಹಿಡಿದು ಮನೆ ಬದಲಾಯಿಸಿದ. ಹೋಗುವುದನ್ನು ಕಾತ್ಯಾಯಿನಿ ಯಾರಿಗೂ ತಿಳಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಅಪಾರ್ಟ್‌ಮೆಂಟಿನ ಕೆಳಗೆ ಪ್ರವೀಣ ಟೈರಿಗೆ ಗಾಳಿ ಹೊಡೆಯುತ್ತಿದ್ದಾಗ ಸಿಂಧೂರಾ ಎಲ್ಲವನ್ನೂ ಹೇಳಿದಳು. ಎತ್ತಿದ ಕೈಯನ್ನೂ, ಮುದುಕಿಯ ಮಾತನ್ನೂ. ಬೈಯಲಿ ಎಂದು ಕಾದಳು. ಬೈದರೆ ಅತ್ತುಬಿಡಬಹುದಿತ್ತು.

ಅವನು ಪಂಪು ನಿಲ್ಲಿಸಲೂ ಇಲ್ಲ. "ಅದನ್ನ ಈಗ ಯಾಕೆ ಎತ್ತುತೀಯ? ಅವರೇ ಏನೂ ಹೇಳಲಿಲ್ಲ, ನಿನಗೇನು? ಸ್ವಲ್ಪ ಹ್ಯಾಂಡಲ್ ಹಿಡ್ಕೋ."

ಸಿಂಧೂರಾ ಹ್ಯಾಂಡಲ್ ಹಿಡಿದುಕೊಂಡಳು.