ಮೂವರ ಕೋಣೆಯ ಒಂದು ಟಿವಿ

ಹರಿಯಾಣದ ಮಾನೇಸರ್‌ಗೆ ಬಂದ ಹೊಸತರಲ್ಲಿ ಒಂದು ಸಂಜೆ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮನೆಯೊಡತಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಏನಾಯ್ತು ಬೇಟಿ? ಯಾರ ಜೊತೆ ಜಗಳ?"

ಜಗಳವಲ್ಲ, ಊಟಕ್ಕೆ ಏನು ಮಾಡಿದೆ ಎಂದು ಅವ್ವ ಕೇಳುತ್ತಿದ್ದಾಳೆ ಎಂದು ತಿಳಿಸಲು ನನ್ನ ಹರಕು ಹಿಂದಿ ಬಹಳ ಕಷ್ಟಪಟ್ಟಿತು. ಅವರು ನಂಬಿದಂತೆ ಕಾಣಲಿಲ್ಲ. ಗದಗಿನ ನಮ್ಮ ಓಣಿಯಲ್ಲಿ ಎಲ್ಲರೂ ಮಾತಾಡುವುದೇ ಹಾಗೆ. ಇಲ್ಲಿ ನನ್ನ ಭಾಷೆ ಜಗಳದಂತೆ ಕೇಳುತ್ತದೆ ಎಂದು ಗೊತ್ತಾದ ಮೇಲೆ, ಅವ್ವನ ಫೋನು ಬಂದರೆ ತಾರಸಿಗೆ ಹೋಗಿ ದನಿ ತಗ್ಗಿಸಿ ಮಾತಾಡತೊಡಗಿದೆ.

ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನನಗೆ ಅಳತೆ ನೋಡುವ ಕೆಲಸ. ಕೋಣೆಯಲ್ಲಿ ಮೂವರು. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ನೇತ್ರಾ ಮಂಡ್ಯದವಳು. ಊರಲ್ಲಾಗಿದ್ದರೆ ಅವಳ ಕನ್ನಡಕ್ಕೆ ನಾನು, ನನ್ನ ಕನ್ನಡಕ್ಕೆ ಅವಳು ನಗುತ್ತಿದ್ದೆವು. ಇಲ್ಲಿ ಆ ವ್ಯತ್ಯಾಸವೆಲ್ಲ ಒಂದೇ ವಾರದಲ್ಲಿ ಕರಗಿತು. ಮೂರನೆಯವಳು ಸಸ್ಮಿತಾ, ಒಡಿಶಾದ ಸಂಬಲಪುರದ ಕಡೆಯವಳು, ನನಗಿಂತ ಚಿಕ್ಕವಳು. ಮಾತು ಕಡಿಮೆ. ನಮ್ಮಿಬ್ಬರಿಗೂ ಅವಳಿಗೂ ನಡುವೆ ಇದ್ದದ್ದು ಹಿಂದಿ.

ಚಳಿಗಾಲದಲ್ಲಿ ಮನೆಯೊಡತಿ ಬಾಜ್ರೆಯ ರೊಟ್ಟಿ ಕೊಟ್ಟರು. ಬಾಯಿಗಿಟ್ಟರೆ ನಮ್ಮ ಸಜ್ಜೆ ರೊಟ್ಟಿ! ಎಳ್ಳಿನ ಬದಲು ಮೇಲೆ ಬೆಲ್ಲ, ತುಪ್ಪ. ಆ ದಿನ ಈ ಊರು ಸ್ವಲ್ಪ ನನ್ನದಾಯಿತು.

ಕೋಣೆಯಲ್ಲಿ ಮನೆಯವರದೇ ಒಂದು ಹಳೆಯ ಟಿವಿ ಇತ್ತು. ತಾರಸಿಯ ಮೇಲಿನ ಡಿಶ್ಶಿಗೆ ಇಲ್ಲಿ ಛತ್ರಿ ಅನ್ನುತ್ತಾರೆ. ಅದರಲ್ಲಿ ಒಂದೆರಡು ಕನ್ನಡ ಚಾನೆಲ್, ಒಂದು ಒಡಿಯಾ ಚಾನೆಲ್ ಬರುತ್ತಿದ್ದವು. ಸರದಿಯಂತೆ ನೋಡುತ್ತಿದ್ದೆವು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆಂಧಿ ಎದ್ದಿತು. ಆಂಧಿ ಎಂದರೆ ಬರೀ ಗಾಳಿಯಲ್ಲ, ಹೊಲದ ಮಣ್ಣನ್ನೆಲ್ಲ ಎತ್ತಿಕೊಂಡು ಬಂದು ಹಗಲನ್ನೇ ಕಂದು ಮಾಡುವ ಗಾಳಿ. ಛತ್ರಿ ಹಾರಿ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಬಡಿದು ಸೊಟ್ಟಗಾಯಿತು.

"ಈಗ ಛತ್ರಿ ಯಾರು ಹಾಕಿಸ್ತಾರೆ? ನೀವೇ ಏನಾದರೂ ಇಂಟರ್ನೆಟ್‌ದು ತಗೊಳ್ಳಿ," ಎಂದರು ಮನೆಯೊಡತಿ.

ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಸಸ್ಮಿತಾಳಿಗೆ ಆ ವಾರ ಮಧ್ಯಾಹ್ನದ ಪಾಳಿ. ನಾನೂ ನೇತ್ರಾಳೂ ಅಂಗಡಿಗೆ ಹೋದೆವು. ಟಿವಿಯ ಹಿಂದೆ ಸಿಕ್ಕಿಸುವ ಸ್ಟಿಕ್ ತೋರಿಸಿ ಅಂಗಡಿಯವನು, "ಇದರಲ್ಲಿ ಮದ್ರಾಸಿ ಎಲ್ಲ ಬರುತ್ತೆ ಮೇಡಂ," ಎಂದ. ನನಗೆ ರೇಗಿತು.

"ಭಯ್ಯಾ, ಮದ್ರಾಸಿ ಅನ್ನೋ ಭಾಷೆ ಇಲ್ಲ. ಕನ್ನಡ. ಕನ್ನಡ ಇರೋ ಆ್ಯಪ್ ತೋರಿಸಿ."

ತಡವರಿಸದೆ ಹಿಂದಿಯಲ್ಲಿ ಜಗಳವಾಡಿದ್ದು ಅದೇ ಮೊದಲು. ನೇತ್ರಾ ನನ್ನ ಬೆನ್ನು ತಟ್ಟಿದಳು. ಅವನು ಆ್ಯಪ್‌ಗಳನ್ನು ಒಂದೊಂದಾಗಿ ತೆರೆದು ತೋರಿಸಿದ. ಕನ್ನಡ ಹೆಚ್ಚು ಇದ್ದದ್ದಕ್ಕೆ ಒಂದು ವರ್ಷದ ಚಂದಾ ಕಟ್ಟಿದೆವು.

"ಬೇರೆ ಯಾವ ಭಾಷೆ ಬೇಕು?" ಎಂದು ಅವನು ಕೇಳಿದ.

"ಹಿಂದಿ ಇದ್ದರೆ ಸಾಕು," ಎಂದೆ.

ಸಸ್ಮಿತಾ ನೆನಪಾಗಲೇ ಇಲ್ಲ. ಮರೆತೆ ಎನ್ನಲೂ ನಾಚಿಕೆ. ಮರೆಯಲು ಮೊದಲು ನೆನಪಿರಬೇಕಲ್ಲ.

ಅವಳು ಒಂದೇ ಸಲ ಕೇಳಿದಳು: "ದೀದಿ, ಇದರಲ್ಲಿ ಒಡಿಯಾ ಬರುತ್ತಾ?" ಹುಡುಕಿದೆ, ಇರಲಿಲ್ಲ. "ಮುಂದಿನ ತಿಂಗಳು ಇನ್ನೊಂದು ಆ್ಯಪ್ ಹಾಕೋಣ" ಎಂದೆ. "ಕೋಯಿ ಬಾತ್ ನಹೀ," ಪರವಾಗಿಲ್ಲ, ಎಂದಳು. ತಿಂಗಳುಗಳು ಕಳೆದವು. ಸಂಜೆ ನಮ್ಮ ಸೀರಿಯಲ್ ನಡೆಯುವಾಗ ಅವಳು ಬೆಳ್ಳುಳ್ಳಿ ಸುಲಿಯುತ್ತ ಪಕ್ಕದಲ್ಲಿ ಕೂರುತ್ತಿದ್ದಳು, ನಾವು ನಕ್ಕಾಗ ನಗುತ್ತಿದ್ದಳು. ಮೊದಮೊದಲು ನೇತ್ರಾ ಅರ್ಥ ಹೇಳುತ್ತಿದ್ದಳು. ಆಮೇಲೆ ಅದೂ ನಿಂತಿತು. ಅವಳಿಗೆ ಕನ್ನಡ ಬರತೊಡಗಿದೆ ಎಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಒಂದು ಭಾನುವಾರ ಒಣಗಿದ ಬಟ್ಟೆ ತರಲು ತಾರಸಿಗೆ ಹೊರಟೆ. ಮೆಟ್ಟಿಲ ತಿರುವಿನಲ್ಲಿ ಸಸ್ಮಿತಾ ಕೂತಿದ್ದಳು. ಒಂದು ಕಿವಿಗೆ ಇಯರ್‌ಫೋನ್, ಕಣ್ಣಿನ ಹತ್ತಿರಕ್ಕೆ ಹಿಡಿದ ಫೋನು. ನೃತ್ಯ ಸ್ಪರ್ಧೆಯ ಕಾರ್ಯಕ್ರಮ ನಡೆದಿತ್ತು, ನಡುನಡುವೆ ನಿಂತು ನಿಂತು.

"ಏನು ನೋಡ್ತಿದೀಯಾ?"

ಬೆರಳು ತೋರಿಸಿದಳು. "ಹಿಂದಿನ ಸಾಲಿನಲ್ಲಿ, ಕೆಂಪು ಸೀರೆ. ನನ್ನ ತಂಗಿ. ಊರಿನ ತಂಡದ ಜೊತೆ ಬಂದಿದ್ದಾಳೆ."

ಆ ಪರದೆಯಲ್ಲಿ ಅವಳ ತಂಗಿ ಅಕ್ಕಿಕಾಳಿನಷ್ಟಿದ್ದಳು.

"ಯಾಕೆ ಹೇಳಲಿಲ್ಲ?"

"ನೀವಿಬ್ಬರೂ ನೋಡ್ತಿದ್ರಿ. ನಡುವೆ ಹೇಗೆ ಕೇಳೋದು, ದೀದಿ?"

ಕಾರ್ಖಾನೆಯಲ್ಲಿ ಹರಿಯಾಣದ ಸಹೋದ್ಯೋಗಿಗಳು ಏನೋ ಹೇಳಿ ನಕ್ಕಾಗ ಅರ್ಥವಾಗದೆ ನಗುವವಳು ನಾನು. ಮನೆಗೆ ಬಂದು ನೇತ್ರಾಳ ಮುಂದೆ ಆ ಅವಮಾನ ಹೇಳಿಕೊಂಡು ಗೊಣಗುವವಳೂ ನಾನೇ. ಗೊಣಗಾಟ ನಡೆಯುತ್ತಿದ್ದದ್ದು ಕನ್ನಡದಲ್ಲಿ, ಸಸ್ಮಿತಾಳ ಎದುರಿಗೇ.

ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದೆ. ನೇತ್ರಾ ತಕ್ಷಣ ಸೀರಿಯಲ್ ನಿಲ್ಲಿಸಿದಳು. ಫೋನಿನ ಚಿತ್ರವನ್ನು ಟಿವಿಗೆ ತರಲು ಇಬ್ಬರೂ ಒದ್ದಾಡಿದೆವು. ಚಿತ್ರ ಬಂದಾಗ ಬೇರೆ ತಂಡ ಕುಣಿಯುತ್ತಿತ್ತು. ಕೊನೆಯಲ್ಲಿ ಎಲ್ಲರೂ ವೇದಿಕೆ ಮೇಲೆ ಸಾಲಾಗಿ ನಿಂತರು. ಸಸ್ಮಿತಾ ಎದ್ದು ಹೋಗಿ ಟಿವಿಯ ಮೇಲೆ ಬೆರಳಿಟ್ಟು, "ಇವಳೇ" ಎಂದಳು. ನೇತ್ರಾ ಚಪ್ಪಾಳೆ ತಟ್ಟಿದಳು. ನನ್ನ ಕೈ ಏಳಲಿಲ್ಲ.

ಮರುದಿನವೇ ಒಡಿಯಾ ಇರುವ ಆ್ಯಪ್ ಹಾಕಿಸಿದೆ. ಸ್ವಲ್ಪ ದಿನಕ್ಕೆ ಸಸ್ಮಿತಾ ಒಡಿಶಾದ ಹುಡುಗಿಯರ ಕೋಣೆಗೆ ಹೋದಳು. "ಅಲ್ಲಿಂದ ಕಂಪನಿ ಬಸ್ಸು ಹತ್ತಿರ," ಎಂದಳು. ಬಸ್ಸು ಹತ್ತಿರವಿದ್ದದ್ದು ನಿಜ. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ನನಗಿರಲಿಲ್ಲ.

ತಂಗಿಯ ತಂಡ ಮತ್ತೆ ಕುಣಿಯುವ ಭಾನುವಾರ ನಮ್ಮನ್ನು ಕರೆದಳು. ನೇತ್ರಾಳಿಗೆ ಪಾಳಿ ಇತ್ತು, ನಾನೊಬ್ಬಳೇ ಹೋದೆ. ಚಾಪೆಯ ಮೇಲೆ ನಾಲ್ವರು ಹುಡುಗಿಯರು. ನೀರಲ್ಲಿ ನೆನೆಸಿಟ್ಟ ಅನ್ನಕ್ಕೆ ಮೊಸರು ಬೆರೆಸಿದ ಪಖಾಳ ಕೊಟ್ಟರು. ಎಲ್ಲರೂ ಒಟ್ಟಿಗೇ ಒಡಿಯಾದಲ್ಲಿ ಮಾತಾಡುತ್ತಿದ್ದರು. ಸಸ್ಮಿತಾ ಇಷ್ಟು ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಕಾರ್ಯಕ್ರಮ ಶುರುವಾದೊಡನೆ ನನ್ನ ಪಕ್ಕಕ್ಕೆ ಸರಿದು, ಪ್ರತಿ ಮಾತನ್ನೂ ಕಿವಿಯಲ್ಲಿ ಹಿಂದಿಗೆ ತಿರುಗಿಸಿ ಹೇಳತೊಡಗಿದಳು.

"ನೀನು ತಂಗೀನ ನೋಡು. ನನಗೆ ಹೇಳಬೇಡ," ಎಂದೆ.

"ಸುಮ್ಮನೆ ನಗ್ತಾ ಕೂರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಲ್ಲ, ದೀದಿ," ಎಂದಳು. ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ಒಳ್ಳೆಯದಿತ್ತು.

ಕಳೆದ ದೀಪಾವಳಿಗೆ ಗದಗಿಗೆ ಹೋಗಿದ್ದೆ. ಸಂಜೆ ಟಿವಿ ಮುಂದೆ ಅವ್ವ, ಚಿಗವ್ವ, ನಾನು. ಯಾವುದೋ ಮಾತಿಗೆ ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಪಕ್ಕಕ್ಕೆ ತಿರುಗಿದೆ, ಅಲ್ಲಿ ಯಾರಿಗಾದರೂ ಅರ್ಥವಾಗದೆ ಉಳಿಯಿತೇ ಎಂಬಂತೆ.

"ಯಾರ್ನ ನೋಡಾಕತ್ತಿ ಆ ಕಡೆ?" ಎಂದಳು ಅವ್ವ.

ಗೋಡೆಯಿತ್ತು, ಅಷ್ಟೇ. "ಯಾರಿಲ್ಲವ್ವಾ," ಎಂದೆ.